ದುಡಿಯುತ್ತಲೇ ಎಂಜಿನಿಯರಿಂಗ್ ಪದವಿ: ಮುಂಬಯಿಯಲ್ಲಿ ಕೆಮಿಕಲ್ ಓದಬೇಕೇ, ಪೆಟ್ರೋಲಿಯಂ ಓದಬೇಕೇ?

ಪ್ರಶ್ನೆ: ಚೆಂಬೂರು ನಿವಾಸಿ

ಎಲ್ಲರಿಗೂ ನಮಸ್ಕಾರ. ನಾನು ಉಡುಪಿ ಕಡೆಯವನು. ಕೆಮಿಕಲ್ ಎಂಜಿನಿಯರಿಂಗಿನಲ್ಲಿ ಡಿಪ್ಲೊಮಾ ಮುಗಿಸಿ, ತಳೋಜಾದ ಒಂದು ಕಾರ್ಖಾನೆಯಲ್ಲಿ ಪ್ಲಾಂಟ್ ಆಪರೇಟರ್ ಆಗಿದ್ದೇನೆ. ಬಳಸಿದ ಮೆಥನಾಲನ್ನು ಬಟ್ಟಿ ಇಳಿಸಿ ಮರಳಿ ಪಡೆಯುವ ವಿಭಾಗ ನಮ್ಮದು. ಪದವಿ ಇಲ್ಲದವರಿಗೆ ಶಿಫ್ಟ್ ಇನ್‌ಚಾರ್ಜ್ ಹುದ್ದೆಯಿಂದಾಚೆಗೆ ದಾರಿಯಿಲ್ಲ, ಆದರೆ ಊರಿಗೆ ಹಣ ಕಳಿಸಬೇಕಾದ ನಾನು ಕೆಲಸ ಬಿಟ್ಟು ಓದುವ ಸ್ಥಿತಿಯಲ್ಲಿಲ್ಲ. ಸಂಜೆಯ ತರಗತಿಗಳಲ್ಲಿ ಓದಿ ಪಡೆದ ಬಿ.ಇ. ಪದವಿಗೆ ಹಗಲು ಓದಿದವರ ಪದವಿಯಷ್ಟೇ ಬೆಲೆ ಇದೆಯೇ? ಮಾಹುಲದ ರಿಫೈನರಿಗಳು, ಬಾಂಬೆ ಹೈ ಎಂಬ ಕಡಲ ತೈಲಕ್ಷೇತ್ರ ಎಲ್ಲವೂ ಇಲ್ಲೇ ಇರುವುದರಿಂದ ಪೆಟ್ರೋಲಿಯಂ ಎಂಜಿನಿಯರಿಂಗ್ ಹಿಡಿಯುವುದು ಜಾಣತನವೇ? ಅಂಚೆ ಮೂಲಕವೇ ಪೆಟ್ರೋಲಿಯಂ ಬಿ.ಟೆಕ್. ಕೊಡಿಸುವುದಾಗಿ ಏಜೆಂಟರೊಬ್ಬರು ಒತ್ತಾಯಿಸುತ್ತಿದ್ದಾರೆ. ತಿಳಿದವರು ದಯವಿಟ್ಟು ಹೇಳಬೇಕು.

ಉತ್ತರ: ಕೆಮಿಕಲ್ ವಿಭಾಗದ ಅಧ್ಯಾಪಕಿ, ನವಿ ಮುಂಬಯಿ

ಮೊದಲು ಆ ಏಜೆಂಟರ ಮಾತನ್ನು ಬಿಟ್ಟುಬಿಡಿ, ಒಂದು ರೂಪಾಯಿಯನ್ನೂ ಮುಂಗಡವಾಗಿ ಕೊಡಬೇಡಿ. ಎಂಜಿನಿಯರಿಂಗ್ ಪದವಿಯನ್ನು ಅಂಚೆ ಶಿಕ್ಷಣದಲ್ಲಿ ಕೊಡುವುದಕ್ಕೆ ತಾಂತ್ರಿಕ ಶಿಕ್ಷಣದ ಕೇಂದ್ರ ನಿಯಂತ್ರಣ ಸಂಸ್ಥೆಯಾದ ಎ.ಐ.ಸಿ.ಟಿ.ಇ. ಒಪ್ಪುವುದಿಲ್ಲ. ಅನುಮತಿಯಿಲ್ಲದೆ ಹಾಗೆ ಕೊಟ್ಟ ಪದವಿಗಳ ವಿಚಾರದಲ್ಲಿ ಸುಪ್ರೀಂ ಕೋರ್ಟ್ 2017ರ ನವೆಂಬರಿನಲ್ಲಿ ಕಠಿಣವಾದ ತೀರ್ಪನ್ನೇ ಕೊಟ್ಟಿದೆ. ಹಿಂದೆ ದುಡಿಯುವವರಿಗೆ ಇನ್‌ಸ್ಟಿಟ್ಯೂಷನ್ ಆಫ್ ಎಂಜಿನಿಯರ್ಸ್ ಸಂಸ್ಥೆಯ ಎ.ಎಂ.ಐ.ಇ. ಪರೀಕ್ಷೆಯ ದಾರಿ ಇತ್ತು, ಆದರೆ ಅದನ್ನು ಪದವಿಗೆ ಸಮಾನವೆಂದು ಕೇಂದ್ರ ಸರ್ಕಾರ ಪರಿಗಣಿಸುವುದು 2013ರ ಮೇ 31ರೊಳಗೆ ನೋಂದಾಯಿಸಿಕೊಂಡವರಿಗೆ ಮಾತ್ರ.

ನಿಮಗಿರುವ ನೇರವಾದ ದಾರಿಯೆಂದರೆ, ದುಡಿಯುವವರಿಗಾಗಿ ಎ.ಐ.ಸಿ.ಟಿ.ಇ. 2023-24ರಿಂದ ಅನುಮತಿಸಿರುವ ಕೋರ್ಸು. ಇದರಲ್ಲಿ ಮಾನ್ಯತೆ ಪಡೆದ ಕಾಲೇಜು ತನ್ನ ತರಗತಿಗಳನ್ನು ಸಂಜೆಗೋ ವಾರಾಂತ್ಯಕ್ಕೋ ಹೊಂದಿಸಿಕೊಳ್ಳಬಹುದು. ಪಠ್ಯ, ಪ್ರಯೋಗಾಲಯ, ಪರೀಕ್ಷೆ ಎಲ್ಲವೂ ಕಾಲೇಜಿನಲ್ಲೇ ನಡೆಯುವುದರಿಂದ ಇದು ಅಂಚೆ ಪದವಿಯಲ್ಲ. ಕನಿಷ್ಠ ಒಂದು ವರ್ಷದ ಕೆಲಸದ ಅನುಭವ ಬೇಕು, ಕೆಲಸದ ಸ್ಥಳವೂ ಕಾಲೇಜಿನಿಂದ ನಿಗದಿತ ದೂರದೊಳಗಿರಬೇಕು. ಡಿಪ್ಲೊಮಾ ಇರುವ ನಿಮಗೆ ನೇರವಾಗಿ ಎರಡನೆಯ ವರ್ಷಕ್ಕೆ ಪ್ರವೇಶ. ಸೇರುವ ಮುನ್ನ, ಆ ಕಾಲೇಜಿನ ಆ ವರ್ಷದ ಅನುಮತಿ ಪತ್ರದಲ್ಲಿ ಕೆಮಿಕಲ್ ವಿಭಾಗದ ಎದುರು ದುಡಿಯುವವರ ಕೋರ್ಸಿನ ಸೀಟುಗಳನ್ನು ನಮೂದಿಸಲಾಗಿದೆಯೇ ಎಂದು ನೀವೇ ಕಣ್ಣಾರೆ ನೋಡಿ. ಕಾಲೇಜಿನ ಹೆಸರು ದೊಡ್ಡದೆಂಬುದು ಈ ಪತ್ರಕ್ಕೆ ಬದಲಿಯಾಗುವುದಿಲ್ಲ.

ಇನ್ನು ವಿಷಯದ ಆಯ್ಕೆ. ಪೆಟ್ರೋಲಿಯಂ ಎಂಜಿನಿಯರಿಂಗ್ ಎಂದರೆ ರಿಫೈನರಿಯ ವಿದ್ಯೆಯೆಂದು ಬಹಳ ಮಂದಿ ತಿಳಿದಿದ್ದಾರೆ. ಅದರ ಮುಖ್ಯ ಭಾಗ ನೆಲದಡಿಯದು: ಬಂಡೆಯ ಸೂಕ್ಷ್ಮ ರಂಧ್ರಗಳಲ್ಲಿ ತೈಲ ಹೇಗೆ ಹರಿಯುತ್ತದೆ, ಬಾವಿಯನ್ನು ಹೇಗೆ ಕೊರೆಯಬೇಕು, ಒತ್ತಡ ಕುಸಿದಾಗ ನೀರನ್ನೋ ಅನಿಲವನ್ನೋ ಒಳಕ್ಕೆ ತಳ್ಳಿ ಉಳಿದ ತೈಲವನ್ನು ಹೇಗೆ ಎತ್ತಬೇಕು ಎಂಬುದು. ತೈಲ ಮೇಲೆ ಬಂದ ಬಳಿಕ ಅದನ್ನು ಕಾಯಿಸಿ, ಬೇರ್ಪಡಿಸಿ, ಪೆಟ್ರೋಲು ಡೀಸೆಲ್ಲಾಗಿಸುವುದು ಕೆಮಿಕಲ್ ಎಂಜಿನಿಯರರ ಕೆಲಸ. ನೀವು ಈಗ ನಿಂತಿರುವುದು ಬಟ್ಟಿ ಇಳಿಸುವ ಗೋಪುರದ, ಅಂದರೆ ಕಾಲಮ್ಮಿನ, ಬುಡದಲ್ಲಿ. ಆ ಅನುಭವವನ್ನು ಬಿಟ್ಟುಕೊಟ್ಟು ಬಾವಿಯ ವಿದ್ಯೆಗೆ ಹೋಗಬೇಕೆಂದು ನನಗೆ ಅನ್ನಿಸುವುದಿಲ್ಲ.

ಒಂದು ಲೆಕ್ಕ ಹೇಳುತ್ತೇನೆ. ನಿಮ್ಮ ಕಾಲಮ್ಮಿಗೆ 1000 ಕಿಲೋ ಮಿಶ್ರಣ ಹೋಗುತ್ತದೆ, ಅದರಲ್ಲಿ ಮೆಥನಾಲ್ 40 ಶೇಕಡಾ, ಉಳಿದದ್ದು ನೀರು ಎಂದುಕೊಳ್ಳಿ. ಮೇಲಿಂದ ಬರುವುದರಲ್ಲಿ 95 ಶೇಕಡಾ, ಕೆಳಗಿಂದ ಹೋಗುವುದರಲ್ಲಿ 5 ಶೇಕಡಾ ಮೆಥನಾಲ್ ಇದ್ದರೆ, ಮೇಲೆ ಸುಮಾರು 389 ಕಿಲೋ, ಕೆಳಗೆ 611 ಕಿಲೋ ಬರಲೇಬೇಕು. ಟ್ಯಾಂಕಿನ ಡಿಪ್ (ದ್ರವದ ಮಟ್ಟ) ಅಳೆದಾಗ 350 ಕಿಲೋ ಮಾತ್ರ ಸಿಕ್ಕರೆ ಎಲ್ಲೋ ಸೋರಿಕೆಯಿದೆ, ಆವಿಯನ್ನು ದ್ರವವಾಗಿಸುವ ಕಂಡೆನ್ಸರ್ ಸರಿಯಾಗಿ ತಣಿಸುತ್ತಿಲ್ಲ, ಇಲ್ಲವೇ ಮೀಟರು ಸುಳ್ಳು ಹೇಳುತ್ತಿದೆ. ರಿಫ್ಲಕ್ಸನ್ನು, ಅಂದರೆ ಮೇಲೆ ತಣಿದು ದ್ರವವಾದದ್ದರಲ್ಲಿ ಕಾಲಮ್ಮಿಗೆ ಮರಳಿ ಬಿಡುವ ಪಾಲನ್ನು, ಹೆಚ್ಚಿಸಿದರೆ ಶುದ್ಧತೆ ಏರುತ್ತದೆ, ಹಬೆಯ ಖರ್ಚೂ ಏರುತ್ತದೆ ಎಂಬುದು ನಿಮ್ಮ ಕೈಗೆ ಗೊತ್ತಿದೆ. ಎಷ್ಟು ಹೆಚ್ಚಿಸಿದರೆ ಸಾಕು ಎಂಬುದನ್ನು 1925ರಲ್ಲಿ ಮೆಕೇಬ್ ಮತ್ತು ಥೀಲೆ ಪ್ರಕಟಿಸಿದ ಮೆಟ್ಟಿಲು ನಕ್ಷೆ ಕಾಗದದ ಮೇಲೆ ತೋರಿಸುತ್ತದೆ. ಕಾಲಮ್ಮನ್ನೇ ನೋಡದ ಹುಡುಗರಿಗೆ ಈ ನಕ್ಷೆಯನ್ನು ಕಲಿಸಲು ನಾನು ಪಡುವ ಕಷ್ಟ ನಿಮ್ಮಂಥವರ ವಿಷಯದಲ್ಲಿ ಇರುವುದಿಲ್ಲ.

ಉತ್ತರ: ನಿವೃತ್ತ ರಿಫೈನರಿ ಉದ್ಯೋಗಿ, ಮಾಟುಂಗಾ

ಮೇಡಂ ಹೇಳಿದ್ದೆಲ್ಲ ಸರಿ. ತಮ್ಮಾ, ಅವರು ಹೇಳದ ಒಂದು ತೊಡಕು ಶಿಫ್ಟಿನದು. ಸಂಜೆ ತರಗತಿಯೆಂಬುದು ಹಗಲಿನ ಜನರಲ್ ಶಿಫ್ಟಿನವರಿಗೆ ಹೊಂದುವ ಏರ್ಪಾಡು. ಮಧ್ಯಾಹ್ನ ಎರಡರಿಂದ ರಾತ್ರಿ ಹತ್ತರ ಪಾಳಿ ಬಂದ ವಾರ ನೀನು ತರಗತಿಗೆ ಹೋಗುವುದು ಹೇಗೆ? ಸಹೋದ್ಯೋಗಿಗಳೊಡನೆ ಪಾಳಿ ಬದಲಾಯಿಸಿಕೊಳ್ಳುವುದು ಒಂದೆರಡು ತಿಂಗಳು ನಡೆಯುತ್ತದೆ, ವರ್ಷಗಟ್ಟಲೆ ನಡೆಯುವುದಿಲ್ಲ. ಆದ್ದರಿಂದ ಶುಲ್ಕ ಕಟ್ಟುವ ಮುನ್ನ ಮ್ಯಾನೇಜರರನ್ನು ಕಂಡು, ಜನರಲ್ ಶಿಫ್ಟಿಗೋ ಲ್ಯಾಬಿಗೋ ವರ್ಗಾಯಿಸಲು ಸಾಧ್ಯವೇ ಎಂದು ಕೇಳಿ, ಒಪ್ಪಿಗೆಯನ್ನು ಬರಹದಲ್ಲಿ ಪಡೆದುಕೋ. ಆಗದಿದ್ದರೆ ವಾರಾಂತ್ಯದ ತರಗತಿಯಿರುವ ಕಾಲೇಜನ್ನೇ ಹುಡುಕು.

ಹಗಲು ಹೋಟೆಲಿನಲ್ಲಿ ದುಡಿದು, ರಾತ್ರಿ ಮುಂಬಯಿಯ ಕೋಟೆ (ಫೋರ್ಟ್) ಪ್ರದೇಶದ ಕನ್ನಡ ಶಾಲೆಗಳಲ್ಲಿ ಓದಿ ಮುಂದೆ ಬಂದ ಕರಾವಳಿಯವರನ್ನು ನಾನು ಹತ್ತಿರದಿಂದ ನೋಡಿದ್ದೇನೆ. ಅವರ ಛಲಕ್ಕೆ ಬೆಂಬಲವಾಗಿ ನಿಂತದ್ದು ರಾತ್ರಿ ಶಾಲೆಯ ವೇಳೆಗೆ ಬಿಡುವು ಕೊಡುತ್ತಿದ್ದ ಧಣಿಗಳು.

ಚೆಂಬೂರು ನಿವಾಸಿ

ಮೇಡಂ, ಹಿರಿಯರೇ, ತುಂಬಾ ಉಪಕಾರವಾಯಿತು. ಏಜೆಂಟರಿಗೆ ಇಂದೇ ಬೇಡವೆಂದು ತಿಳಿಸಿದೆ. ಆದರೂ ಮನಸ್ಸಿನಲ್ಲಿ ಬಾಂಬೆ ಹೈ ಆಸೆ ಉಳಿದಿದೆ. ಕೆಮಿಕಲ್ ಓದಿದವರಿಗೆ ಸಮುದ್ರದಲ್ಲಿ ಕೆಲಸ ಸಿಗುವುದೇ ಇಲ್ಲವೇ? ಗಣಿತವನ್ನೂ ಮುಟ್ಟಿ ಬಹಳ ಕಾಲವಾಗಿದೆ.

ಉತ್ತರ: ಆಫ್‌ಶೋರ್ ಪ್ರೊಡಕ್ಷನ್ ವಿಭಾಗದವನು

ಖಂಡಿತ ಸಿಗುತ್ತದೆ. ಬಾಂಬೆ ಹೈ ಕ್ಷೇತ್ರ 1974ರಲ್ಲಿ ಪತ್ತೆಯಾಗಿ 1976ರಲ್ಲಿ ಉತ್ಪಾದನೆ ಆರಂಭಿಸಿತು. ಅಲ್ಲಿನ ಪ್ರೊಸೆಸ್ ಪ್ಲಾಟ್‌ಫಾರಂಗಳಲ್ಲಿ ತೈಲ, ಅನಿಲ, ನೀರನ್ನು ಬೇರ್ಪಡಿಸುವ ಸೆಪರೇಟರುಗಳು, ಅನಿಲವನ್ನು ಒತ್ತುವ ಕಂಪ್ರೆಸರುಗಳು, ಅದರ ತೇವ ತೆಗೆಯುವ ಗ್ಲೈಕಾಲ್ ಘಟಕಗಳು ಇವೆ. ಇವೆಲ್ಲ ಕೆಮಿಕಲ್ ಎಂಜಿನಿಯರರ ಕ್ಷೇತ್ರವೇ. ಆದರೆ ಹದಿನಾಲ್ಕು ದಿನ ಸಮುದ್ರದಲ್ಲಿ, ಹದಿನಾಲ್ಕು ದಿನ ಮನೆಯಲ್ಲಿ ಎಂಬ ಕ್ರಮದಲ್ಲಿ ಸಂಜೆ ಕಾಲೇಜು ಅಸಾಧ್ಯ. ಪದವಿ ಮುಗಿಯುವವರೆಗೆ ದಡದ ಕೆಲಸದಲ್ಲೇ ಇರಿ. ಮುಂದೆ ಪೆಟ್ರೋಲಿಯಂ ವಿಷಯದಲ್ಲೇ ಎಂ.ಟೆಕ್. ಮಾಡಬೇಕೆನಿಸಿದರೆ ಗೇಟ್ ಪರೀಕ್ಷೆಯಲ್ಲಿ 2017ರಿಂದ ಅದಕ್ಕೆಂದೇ ಪ್ರತ್ಯೇಕ ಪತ್ರಿಕೆ ಇದೆ.

ಗಣಿತಕ್ಕೆ ಐ.ಐ.ಟಿ.ಗಳ ಅಧ್ಯಾಪಕರ ಎನ್.ಪಿ.ಟಿ.ಇ.ಎಲ್. ಆನ್‌ಲೈನ್ ಪಾಠಗಳು ಉಚಿತವಾಗಿವೆ. ಡಿಫರೆನ್ಶಿಯಲ್ ಸಮೀಕರಣಗಳಿಂದ ಶುರುಮಾಡಿ. ಶಾಖ ವರ್ಗಾವಣೆಯಾಗಲಿ, ರಿಯಾಕ್ಟರ್ ವಿನ್ಯಾಸವಾಗಲಿ ಎರಡನೆಯ ವಾರಕ್ಕೇ ಅವು ಎದುರಾಗುತ್ತವೆ. ಸಂಜೆ ತರಗತಿಯಲ್ಲಿ ಅಧ್ಯಾಪಕರಿಗೆ ಹಿಂದಿನದನ್ನು ಮರಳಿ ಹೇಳಿಕೊಡಲು ವೇಳೆ ಇರುವುದಿಲ್ಲ.