ಸಹಾಯ ಬೇಕು: ಸರ್ಬಿಯಾದ ಫ್ರೋಜನ್ ಹುಳಿ ಚೆರಿ ಆಮದು ಮಾಡಿದವರು ಇದ್ದೀರಾ?

ಎಲ್ಲರಿಗೂ ನಮಸ್ಕಾರ. ನಾನು ಜರ್ಮನಿಯಲ್ಲಿ ಬೇಕರಿಗಳಿಗೆ ಹಣ್ಣಿನ ಫಿಲ್ಲಿಂಗ್ ಮಾಡುವ ಚಿಕ್ಕ ಕಂಪನಿಯೊಂದರ ಖರೀದಿ ವಿಭಾಗದಲ್ಲಿದ್ದೇನೆ. ಇಲ್ಲಿ ಬ್ಲ್ಯಾಕ್ ಫಾರೆಸ್ಟ್ ಕೇಕಿಗೆ ಸಿಹಿ ಚೆರಿ ಹಾಕಿದರೆ ಜನ ಮುಖ ಸಿಂಡರಿಸುತ್ತಾರೆ, ಹುಳಿ ಚೆರಿಯೇ ಬೇಕು. ಈ ಹಣ್ಣು ಮೆತ್ತಗೆ, ತಾಜಾ ಇದ್ದಾಗ ದೂರ ಸಾಗಿಸೋದು ಕಷ್ಟ. ಹಾಗಾಗಿ ವ್ಯಾಪಾರವೆಲ್ಲ ಜಾಸ್ತಿ ಫ್ರೋಜನ್, ಬಾಟಲಿ ಅಥವಾ ಜ್ಯೂಸ್ ರೂಪದಲ್ಲೇ.

ಇಷ್ಟು ದಿನ ಪೋಲೆಂಡಿನಿಂದ ತರಿಸುತ್ತಿದ್ದೆವು. ಅದು ಯೂರೋಪಿಯನ್ ಒಕ್ಕೂಟದೊಳಗೇ ಇರೋದರಿಂದ ಕಸ್ಟಮ್ಸ್ ತಲೆನೋವಿಲ್ಲ. ಆದರೆ ಹೂ ಬಿಡುವಾಗ ಹಿಮ ಬಿದ್ದರೆ ಬೆಳೆಯೇ ಹೋಗುತ್ತದೆ. 2012ರಲ್ಲಿ ಅಮೆರಿಕದ ಮಿಷಿಗನ್‌ನಲ್ಲಿ ಹೀಗೇ ಆಗಿ, ಬೆಳೆ ಬಹುಪಾಲು ನೆಲಕಚ್ಚಿತ್ತು. ಒಂದೇ ದೇಶವನ್ನು ನಂಬೋದು ಬೇಡ ಅಂತ ಸರ್ಬಿಯಾದ ಒಬ್ಲಾಚಿನ್ಸ್ಕಾ ತಳಿಯ ಸ್ಯಾಂಪಲ್ ತರಿಸಿದೆವು. ರುಚಿ, ಬಣ್ಣ ಎರಡೂ ಚೆನ್ನ. ಆದರೆ ಒಂದು ಪೆಟ್ಟಿಗೆಯಲ್ಲಿ ಹಣ್ಣೆಲ್ಲ ಒಂದೇ ಗಡ್ಡೆ, ತಳದಲ್ಲಿ ಕೆಂಪು ಐಸು. ದಾರಿಯಲ್ಲಿ ಕರಗಿ ಮತ್ತೆ ಗಟ್ಟಿಯಾಗಿದೆ, ಅಲ್ವಾ?

ನನಗೆ ಬೇಕಾದದ್ದು ಇಷ್ಟು. ಬೀಜ ತೆಗೆದ ಹಣ್ಣಿನಲ್ಲಿ ಉಳಿಯುವ ಬೀಜದ ಮಿತಿಯನ್ನು ಕಾಂಟ್ರಾಕ್ಟ್‌ನಲ್ಲಿ ಹೇಗೆ ಬರೆಸುತ್ತೀರಿ? ಗ್ರಾಹಕರ ಹಲ್ಲು ಮುರಿದರೆ ಯಾರ ತಲೆಗೆ? ಲಾರಿಯೊಳಗಿನ ಮೈನಸ್ 18 ಡಿಗ್ರಿಯ ದಾಖಲೆಯನ್ನು ಹಣ ಕೊಡುವ ಮೊದಲೇ ಕೇಳಬಹುದಾ? ಸುಂಕ ರಿಯಾಯಿತಿಯ ಇಯುಆರ್.1 ಪತ್ರ ತಡವಾಗಿ ಬಂದರೆ ಏನು ಮಾಡುತ್ತೀರಿ?

ಸುಮ್ನೆ ಗೂಗಲ್ ಲಿಂಕ್ ಬೇಡ. ಕೈಯಾರೆ ಮಾಡಿದವರು ಕಾಮೆಂಟ್ ಹಾಕಿ. ಚೆರಿಯೇ ಆಗಬೇಕಿಲ್ಲ, ಫ್ರೋಜನ್ ರಾಸ್ಪ್‌ಬೆರಿ ತರಿಸಿದ ಅನುಭವವೂ ಆದೀತು.