ಪ್ರಾಗ್‌ನ ಬಟ್ಟೆ ಒಗೆಯುವ ಹೆಂಗಸನ್ನು ‘ಅಗಸಗಿತ್ತಿ’ ಎನ್ನಬಹುದೇ?

ಪದಗಳನ್ನು ಬಲ್ಲವರಲ್ಲಿ ಒಂದು ಪ್ರಶ್ನೆ. ನಮ್ಮ ಚಿತ್ರಸಮಾಜದ ಪ್ರದರ್ಶನಕ್ಕಾಗಿ ಹಳೆಯ ಜೆಕ್ ಚಿತ್ರವೊಂದರ ಕಥಾಸಾರವನ್ನು ಬರೆಯುತ್ತಿದ್ದೇನೆ. ಹೆಸರು ‘ತಾಕೊವೀ ಯೆ ಝಿವೊತ್’. ಅದನ್ನು ‘ಬದುಕೇ ಹೀಗೆ’ ಎಂದು ಮಾಡಿಕೊಂಡಿದ್ದೇನೆ, ಅಲ್ಲಿ ತಕರಾರಿಲ್ಲ. 1930ರಲ್ಲಿ ತೆರೆಗೆ ಬಂದ ಕಪ್ಪು-ಬಿಳುಪಿನ ಮೂಕಿ ಚಿತ್ರ. ನಿರ್ದೇಶಕ ಕಾರ್ಲ್ ಯುಂಗ್‌ಹಾನ್ಸ್ ಜರ್ಮನಿಯವರಾದರೂ ಚಿತ್ರ ಪ್ರಾಗ್‌ನ ಬಡವರ ಕೇರಿಗಳದ್ದು. ಅಷ್ಟರಲ್ಲಿ ಯುರೋಪಿನಲ್ಲಿ ವಾಕ್ಚಿತ್ರಗಳ ಕಾಲ ಶುರುವಾಗಿತ್ತು. ಮೂರು ವರ್ಷಗಳ ನಂತರ ಬಂದ, ಜೆಕ್ ನಿರ್ದೇಶಕ ಮಖಾತಿಯವರ ‘ಎಕ್ಸ್‌ತಾಝೆ’ಯ ಹೆಸರು ಕೇಳಿದವರಲ್ಲೂ ಇದನ್ನು ನೋಡಿದವರು ವಿರಳ.

ಕಥೆ ಚಿಕ್ಕದು. ನಾಯಕಿ ಕೂಲಿಗೆ ಬಟ್ಟೆ ಒಗೆದು ಸಂಸಾರ ತೂಗಿಸುತ್ತಾಳೆ. ಗಂಡ ಕಲ್ಲಿದ್ದಲು ಹೊರುವವನು, ಕುಡುಕ, ಕೆಲಸವನ್ನೂ ಕಳೆದುಕೊಳ್ಳುತ್ತಾನೆ. ಮಗಳು ಉಳ್ಳವರ ಉಗುರು ತಿದ್ದುವ ಕೆಲಸದವಳು. ಕೊನೆಗೆ ಕುದಿಯುವ ನೀರು ಮೈಮೇಲೆ ಬಿದ್ದು ತಾಯಿ ಸಾಯುತ್ತಾಳೆ. ಆ ಪಾತ್ರದಲ್ಲಿರುವವರು ವೇರಾ ಬರನೋವ್ಸ್ಕಾಯಾ. 1926ರಲ್ಲಿ ಸೋವಿಯತ್ ನಿರ್ದೇಶಕ ಪುದೋವ್ಕಿನ್ ಅವರ ‘ತಾಯಿ’ ಚಿತ್ರದಲ್ಲಿ ತಾಯಿಯಾಗಿದ್ದವರೂ ಇವರೇ. ಅವರ ಮುಖವನ್ನು ನೋಡುತ್ತಿದ್ದರೆ ಮಾತಿನ ಕೊರತೆಯೇ ಕಾಣುವುದಿಲ್ಲ.

ಕೊರತೆ ಕಾಣುವುದು ಕಥಾಸಾರ ಬರೆಯಲು ಕುಳಿತಾಗ. ಮೊದಲ ವಾಕ್ಯದಲ್ಲೇ ಅವಳನ್ನು ಏನೆಂದು ಕರೆಯುವುದು? ಜೆಕ್ ಭಾಷೆಯಲ್ಲಿ ಅವಳು ‘ಪ್ರಾದ್ಲೆನಾ’. ಒಗೆ ಎಂಬ ಅರ್ಥದ ‘ಪ್ರಾತ್’ ಧಾತುವಿನಿಂದ ಬಂದದ್ದು. ‘ಶ್ವಾದ್ಲೆನಾ’ ಎಂದರೆ ಹೊಲಿಯುವವಳು. ‘ರ್’ ಅಕ್ಷರದ ತಲೆಯ ಮೇಲೊಂದು ಚಿಹ್ನೆ ಇಟ್ಟರೆ ಪ್ರಾದ್ಲೆನಾ ನೂಲುವವಳಾಗುತ್ತಾಳೆ. ಮುದ್ರಣದೋಷಕ್ಕೆ ಇದಕ್ಕಿಂತ ಒಳ್ಳೆಯ ಅವಕಾಶ ಸಿಗಲಾರದು! ಮೂರೂ ಮಾಡುವ ಕೆಲಸದಿಂದ ಬಂದ ಹೆಸರುಗಳು. ಹುಟ್ಟಿದ ಮನೆಯನ್ನು ಹೇಳುವುದಿಲ್ಲ.

ನಿಘಂಟು ನೋಡಿದರೆ ತಟ್ಟನೆ ಸಿಗುವುದು ‘ಅಗಸಗಿತ್ತಿ’. ಪದ ಹಳೆಯದು, ಗಟ್ಟಿಯಾದದ್ದು. ಹಳಗನ್ನಡದ ‘ಅಸಗ’ದಲ್ಲಿ ಅಕ್ಷರಗಳು ಸ್ಥಾನ ಬದಲಿಸಿ ‘ಅಗಸ’ವಾದದ್ದು ವ್ಯಾಕರಣ ಪಾಠಗಳ ಪ್ರಸಿದ್ಧ ಉದಾಹರಣೆ. ಆದರೆ ಅದು ವೃತ್ತಿಯ ಜೊತೆಗೆ ಜಾತಿಯನ್ನೂ ಹೇಳುತ್ತದೆ. ಇನ್ನೊಂದು ತೊಡಕು: ‘ಹೂವಾಡಗಿತ್ತಿ’ ಎಂದಾಗ ಅವಳ ಗಂಡ ಏನು ಮಾಡುತ್ತಾನೆಂದು ಯಾರೂ ಕೇಳುವುದಿಲ್ಲ, ‘ಅಗಸಗಿತ್ತಿ’ ಎಂದರೆ ಗಂಡನೂ ಅಗಸನೇ ಎಂದು ಓದುಗರು ಅಂದುಕೊಳ್ಳುತ್ತಾರೆ. ಇಲ್ಲಿ ಗಂಡನ ಮೈಗೆ ಕಲ್ಲಿದ್ದಲ ಮಸಿ, ಹೆಂಡತಿಯ ಕೈಗೆ ಸಾಬೂನು ನೊರೆ. ಅದನ್ನೇ ಕೆಡಿಸಿಕೊಂಡರೆ ಚಿತ್ರದ ಅರ್ಧ ಹೋದಂತೆ.

‘ಮಡಿವಾಳ’ದ ಹೆಣ್ಣುರೂಪ ಇನ್ನೂ ದೂರ ಒಯ್ಯುತ್ತದೆ. ಮದುವೆಯಲ್ಲಿ ನಡೆಮಡಿ ಹಾಸುವುದು, ಸೂತಕದ ಬಟ್ಟೆ ಒಯ್ಯುವುದು, ಸುಗ್ಗಿಯಲ್ಲಿ ಆಯದ ಕಾಳು ಪಡೆಯುವುದು, ಮಾಚಯ್ಯನವರ ವಚನಗಳ ನೆನಪು ಎಲ್ಲವೂ ಆ ಪದದೊಳಗಿವೆ. ಪ್ರಾಗ್‌ನ ಹೆಂಗಸಿಗೆ ಮಡಿಯೂ ಇಲ್ಲ, ಆಯವೂ ಇಲ್ಲ, ಇರುವುದು ಕೂಲಿಯ ಕಾಸು ಮಾತ್ರ. ‘ರಜಕಿ’ಯನ್ನು ಪುರಾಣಕ್ಕೆ ಬಿಡೋಣ. ‘ಕೆಲಸದವಳು’ ಎಂದರೆ ಪಾತ್ರೆ ತಿಕ್ಕಿ ನೆಲ ಒರೆಸುವವಳೂ ಸೇರುತ್ತಾಳೆ. ‘ಲಾಂಡ್ರಿಯವಳು’ ಎಂದರೆ ಅಂಗಡಿಯ ಒಡತಿಯೇ ಕಣ್ಣಮುಂದೆ ಬರುತ್ತಾಳೆ.

ಸದ್ಯಕ್ಕೆ ‘ಬಟ್ಟೆ ಒಗೆದು ಸಂಸಾರ ತೂಗಿಸುವ ಹೆಂಗಸು’ ಎಂದು ಬರೆದಿಟ್ಟಿದ್ದೇನೆ. ಒಂದು ಸಲಕ್ಕೆ ಸರಿ, ಪ್ರತಿ ಪ್ಯಾರಾದಲ್ಲೂ ಇಷ್ಟುದ್ದ ಬರೆಯಲಾಗದು. ‘ಒಗೆಯುವಾಕೆ’ ಎಂಬ ಗಿಡ್ಡ ರೂಪ ನನಗೆ ಹಿಡಿಸಿದೆ. ಸೂಲಗಿತ್ತಿಯ ಮಾದರಿಯಲ್ಲಿ ‘ಒಗೆತಗಿತ್ತಿ’ ಎಂದು ಹೊಸದಾಗಿ ಕಟ್ಟಬಹುದೆಂದು ಗೆಳೆಯರೊಬ್ಬರು ಸೂಚಿಸಿದರು. ನನ್ನ ಕಿವಿ ಒಪ್ಪಲಿಲ್ಲ.

ಉಗುರು ತಿದ್ದುವ ಮಗಳಿಗೂ, ಗಂಡನ ಮನಸ್ಸು ಸೆಳೆಯುವ ಹೋಟೆಲಿನ ಪರಿಚಾರಕಿಗೂ ಇದೇ ಗತಿ. ನಮ್ಮ ಹೋಟೆಲುಗಳಲ್ಲಿ ‘ಮಾಣಿ’ ಇದ್ದಾನೆ, ಅವನಿಗೆ ಹೆಣ್ಣುರೂಪವೇ ಇಲ್ಲ. ಆದರೆ ಅವರಿಬ್ಬರೂ ಒಂದೊಂದು ವಾಕ್ಯದಲ್ಲಿ ಮುಗಿಯುತ್ತಾರೆ.

ಉತ್ತರ ಕರ್ನಾಟಕದವರು ‘ಅರಿವೆ ಒಗೆಯುವಾಕೆ’ ಎನ್ನುವುದನ್ನು ಕೇಳಿದ್ದೇನೆ. ನಿಮ್ಮ ಸೀಮೆಯಲ್ಲಿ ಯಾವ ಜಾತಿಯವರಾದರೂ ಕೂಲಿಗೆ ಬಟ್ಟೆ ಒಗೆದರೆ, ಆ ಹೆಂಗಸಿಗೆ ಒಂದೇ ಪದದ ಹೆಸರಿದೆಯೇ? ಇದ್ದರೆ ಯಾವ ಊರಿನ ಬಳಕೆ ಎಂಬುದನ್ನೂ ಸೇರಿಸಿ ತಿಳಿಸಿ.