ಪಾರ್ಸಲ್ ನಿಂತಿದೆ, 5 ರೂಪಾಯಿ ಕಟ್ಟಿ ಅಂತ ಅಮ್ಮನಿಗೆ ಮೆಸೇಜ್ ಬಂದಿದೆ, ನಿಜವಾ?

ಹಾಸನದವಳು:
ಅಮ್ಮ ಹೋದ ವಾರ ಆನ್‌ಲೈನಲ್ಲಿ ಮಿಕ್ಸಿ ಜಾರ್ ಆರ್ಡರ್ ಮಾಡಿದ್ದರು. ಇವತ್ತು ಬೆಳಿಗ್ಗೆ ಎಸ್ಎಂಎಸ್ ಬಂತು. ಅಡ್ರೆಸ್ ಸರಿ ಇಲ್ಲ, 12 ಗಂಟೆಯೊಳಗೆ ಈ ಲಿಂಕಲ್ಲಿ ಸರಿ ಮಾಡಿ 5 ರೂಪಾಯಿ ಕಟ್ಟಿ, ಇಲ್ಲದಿದ್ದರೆ ಪಾರ್ಸಲ್ ವಾಪಸ್ ಹೋಗುತ್ತದೆ ಅಂತ. ಲಿಂಕಲ್ಲಿ ಅಮೆಜಾನ್ ಹೆಸರೂ ಇದೆ. ಜಾರ್ ಇನ್ನೂ ಬಂದಿಲ್ಲ, ಅದಕ್ಕೇ ಅಮ್ಮ ನಂಬಿದ್ದಾರೆ. ಐದು ರೂಪಾಯಿ ತಾನೇ, ಕಟ್ಟಿಬಿಡು ಅನ್ನುತ್ತಿದ್ದಾರೆ. ನನಗೆ ಧೈರ್ಯ ಬರುತ್ತಿಲ್ಲ.

ರಾಗಿಮುದ್ದೆ:
ಕಟ್ಟಬೇಡಿ. ಅವರಿಗೆ ಬೇಕಿರುವುದು ಐದು ರೂಪಾಯಿ ಅಲ್ಲ, ಕಾರ್ಡ್ ನಂಬರ್, ಸಿವಿವಿ (ಕಾರ್ಡ್ ಮೇಲಿರುವ ಗುಟ್ಟಿನ ಅಂಕಿ), ಓಟಿಪಿ. ಐದು ರೂಪಾಯಿಗೆ ಅಂತ ನೀವು ಹಾಕುವ ಓಟಿಪಿಯಲ್ಲೇ ದೊಡ್ಡ ಮೊತ್ತ ಎಳೆದುಕೊಳ್ಳುತ್ತಾರೆ. ಎಷ್ಟು ದುಡ್ಡು ಅಂತ ಓಟಿಪಿ ಮೆಸೇಜಲ್ಲೇ ಸಾಮಾನ್ಯವಾಗಿ ಬರೆದಿರುತ್ತದೆ, ಆದರೆ 12 ಗಂಟೆ ಗಡುವು ಅಂತ ಹೆದರಿಸಿದ ಮೇಲೆ ಅದನ್ನು ಓದುವಷ್ಟು ತಾಳ್ಮೆ ಯಾರಿಗಿರುತ್ತದೆ ಹೇಳಿ.

ಲಿಂಕನ್ನು ಹಿಂದಿನಿಂದ ಓದಿ. ಎಚ್‌ಟಿಟಿಪಿಎಸ್ ಭಾಗ ಬಿಟ್ಟು, ಆಮೇಲೆ ಬರುವ ಮೊದಲ ಸ್ಲ್ಯಾಶ್‌ಗೆ ಮುಂಚೆ ಏನಿದೆ ನೋಡಿ. ಅಲ್ಲಿ "ಅಮೆಜಾನ್ ಡಾಟ್ ಇನ್ ಡಾಟ್ ಏನೋ ಡಾಟ್ ಟಾಪ್" ಅಂತಿದ್ದರೆ ಸೈಟು ಆ "ಏನೋ ಡಾಟ್ ಟಾಪ್" ಇಟ್ಟುಕೊಂಡವನದು. ಅದರ ಮುಂದೆ ಯಾವ ಹೆಸರು ಬೇಕಾದರೂ ಅಂಟಿಸಬಹುದು.

ಕೊಡಗಿನ ಮಳೆ:
ಯಾವ ನಂಬರಿಂದ ಬಂದಿದೆ? ನಮ್ಮ ದೇಶದ ಕಂಪನಿಗಳ ಎಸ್ಎಂಎಸ್ ಒಂದು ಹೆಸರಿನಿಂದ ಬರುತ್ತದೆ, 2025ರಿಂದ ಅದರ ಕೊನೆಗೆ ಪಿ, ಎಸ್, ಟಿ, ಜಿ ಅಂತ ಒಂದು ಅಕ್ಷರವೂ ಇರುತ್ತದೆ. ಪಿ ಅಂದರೆ ಜಾಹೀರಾತು, ಎಸ್ ಅಂದರೆ ಸೇವೆ, ಟಿ ಅಂದರೆ ವಹಿವಾಟು, ಜಿ ಅಂದರೆ ಸರ್ಕಾರದ್ದು. ಹತ್ತು ಅಂಕಿಯ ಮೊಬೈಲ್ ನಂಬರಿಂದಲೋ ಹೊರದೇಶದ ನಂಬರಿಂದಲೋ ಬಂದಿದ್ದರೆ ಲಿಂಕ್ ಮುಟ್ಟಲೇಬೇಡಿ. ಸುಮ್ನೆ ಆ್ಯಪ್ ತೆರೆದು ಆರ್ಡರ್ ಎಲ್ಲಿದೆ ನೋಡಿ.

ಸಂಜೆ ಬಸ್ಸು:
ಇದನ್ನೂ ಅಮ್ಮನಿಗೆ ಹೇಳಿಡಿ. ನಮ್ಮ ಚಿಕ್ಕಪ್ಪನಿಗೆ ಡೆಲಿವರಿ ಹುಡುಗ ಅಂತ ಒಬ್ಬ ಫೋನ್ ಮಾಡಿ, ಮನೆ ಸಿಗುತ್ತಿಲ್ಲ, ಸ್ಟಾರ್ 21 ಸ್ಟಾರ್ ಒತ್ತಿ ಈ ನಂಬರ್ ಹಾಕಿ ಹ್ಯಾಶ್ ಒತ್ತಿ ಅಂದ. ಹಾಗೆ ಮಾಡಿದರೆ ನಮ್ಮ ಕರೆಗಳೆಲ್ಲ ಅವನಿಗೆ ಹೋಗುತ್ತವೆ, ಫೋನಲ್ಲಿ ಹೇಳುವ ಓಟಿಪಿ ಕೂಡ. ಚಿಕ್ಕಪ್ಪ ಒತ್ತಿಬಿಟ್ಟಿದ್ದರು. ತಕ್ಷಣ ಎರಡು ಹ್ಯಾಶ್, 002, ಮತ್ತೊಂದು ಹ್ಯಾಶ್ ಒತ್ತಿಸಿ ರದ್ದು ಮಾಡಿಸಿದೆ. ಯಾರಾದರೂ ದುಡ್ಡು ಕಳೆದುಕೊಂಡಿದ್ದರೆ ನಾಚಿಕೆ ಅಂತ ಕೂರಬೇಡಿ, ಕೂಡಲೇ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ದುಡ್ಡು ಮೋಸಗಾರರ ಖಾತೆಯಿಂದ ಮುಂದಕ್ಕೆ ಹೋಗುವ ಮುಂಚೆ ತಡೆಯಲು ಆಗ ಜಾಸ್ತಿ ಅವಕಾಶ ಇರುತ್ತದೆ.

ಹಾಸನದವಳು:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮೆಸೇಜ್ ಹತ್ತು ಅಂಕಿಯ ನಂಬರಿಂದಲೇ ಬಂದಿತ್ತು. ಆ್ಯಪಲ್ಲಿ ನೋಡಿದರೆ ಜಾರ್ ನಾಳೆ ಬರುತ್ತದೆ ಅಂತಿದೆ, ಅಡ್ರೆಸ್ಸೂ ಸರಿಯಾಗಿದೆ. ಸರ್ಕಾರದ ಸಂಚಾರ್ ಸಾಥಿ ಸೈಟಲ್ಲಿ ಮೋಸದ ಕರೆ, ಮೆಸೇಜ್ ಬಗ್ಗೆ ದೂರು ಕೊಡುವ ಚಕ್ಷು ಅಂತ ಒಂದು ಜಾಗ ಇದೆ, ಅಲ್ಲಿ ಆ ನಂಬರ್ ವರದಿ ಮಾಡಿದೆ. ಈಗ ಅಮ್ಮನೇ ಪಕ್ಕದ ಮನೆ ಆಂಟಿಗೆ ಫೋನ್ ಮಾಡಿ ಹೇಳುತ್ತಿದ್ದಾರೆ, ಅವರಿಗೂ ನಿನ್ನೆ ಇದೇ ಮೆಸೇಜ್ ಬಂದಿತ್ತಂತೆ.